ಕಾಳಿ ಹೊಳೆ ಹಿಡಿದು ಕಾರವಾರಕ್ಕೆ: ಬೆಳಗಾವಿಯಿಂದ ಮೂರು ದಿನದ ಸಮಗ್ರ ಮಾರ್ಗದರ್ಶಿ

ನಮ್ಮ ಬೆಳಗಾವಿಯವರಿಗೆ ಸಮುದ್ರ ಅಂದರೆ ಗೋವಾ. ಶನಿವಾರ ಬೆಳಗ್ಗೆ ಚೋರ್ಲಾ ಘಾಟ್ ಇಳಿಯುವುದು, ರವಿವಾರ ರಾತ್ರಿ ಹತ್ತಿ ಬರುವುದು. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಒಮ್ಮೆ ಅನಮೋಡ ಮೇಲಿನ ಗೋವಾ ದಾರಿ ಹಿಡಿದವನು ಲೋಂಡಾ ಹತ್ತಿರದ ರಾಮನಗರದಲ್ಲಿ ಅದನ್ನು ಬಿಟ್ಟು ಜೊಯಿಡಾ ಕಡೆ ಗಾಡಿ ಹೊರಳಿಸಿದೆ. ಅಲ್ಲಿಂದ ಈಚೆಗೆ ಮನೆಯಲ್ಲಿ ಸಮುದ್ರದ ಮಾತು ಬಂದರೆ ನಾವು ಕಾರವಾರ ಅನ್ನುತ್ತೇವೆ.

ಕಾರವಾರ ಅಂತ ಹುಡುಕಿದರೆ ಎಲ್ಲರೂ ಹೇಳುವುದು ಠಾಗೋರ್ ಕಡಲತೀರ ಮತ್ತು ಯುದ್ಧನೌಕೆಯ ವಸ್ತುಸಂಗ್ರಹಾಲಯ. ಎರಡೂ ನೋಡುವಂಥವೇ. ಆದರೆ ಅರ್ಧ ದಿನದಲ್ಲಿ ಅವು ಮುಗಿಯುತ್ತವೆ. ಆಮೇಲೆ ಜನ "ಇಷ್ಟೇನಾ?" ಅಂತ ಗೋಕರ್ಣದ ಕಡೆ ಹೊರಟುಬಿಡುತ್ತಾರೆ. ನನ್ನ ಮಾತು ಕೇಳಿ, ಕಾರವಾರವನ್ನು ಕಾಳಿ ಹೊಳೆಯ ಜೊತೆ ನೋಡಿ. ಹೊಳೆ ಹೇಗೆ ಘಟ್ಟ ಇಳಿಯುತ್ತದೋ ಹಾಗೇ ನೀವೂ ಇಳಿಯಿರಿ. ಆಗ ಸಮುದ್ರ ಸಿಗುವ ರೀತಿಯೇ ಬೇರೆ. ಈ ಬರಹದಲ್ಲಿ ಆ ದಾರಿಯನ್ನು ಮೊದಲಿಂದ ಕೊನೆತನಕ ಹೇಳುತ್ತೇನೆ.

ಮೊದಲು ದಿನ ನೋಡಿಕೊಳ್ಳಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಹೋಗಿ. ಮಾರ್ಚ್ ದಾಟಿದರೆ ಕರಾವಳಿಯ ಸೆಕೆ ನಮ್ಮಂಥವರಿಗೆ ತಡೆಯುವುದಿಲ್ಲ. ನಮ್ಮ ಬಿಸಿಲು ಒಣ ಬಿಸಿಲು. ಅಲ್ಲಿ ನೆರಳಲ್ಲಿ ಕೂತರೂ ಅಂಗಿ ಒದ್ದೆಯಾಗುತ್ತದೆ.

ಮಳೆಗಾಲದಲ್ಲಿ ಘಟ್ಟ ಬಹಳ ಚೆಂದ, ಒಪ್ಪುತ್ತೇನೆ. ಆದರೂ ಬೇಡ. ಅಣಶಿ ಘಾಟಿನಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆಗುವುದುಂಟು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದು ಜನ ಸತ್ತರು. ಮುಂದಿನ ತಿಂಗಳೇ ಕಾರವಾರದ ಹಳೆಯ ಕಾಳಿ ಸೇತುವೆ ರಾತ್ರೋರಾತ್ರಿ ಮುರಿದು ಹೊಳೆಗೆ ಬಿತ್ತು. ಇನ್ನೊಂದು ವಿಷಯ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬಂದರು ಖಾಲಿ, ತಾಜಾ ಮೀನು ಅಪರೂಪ.

ದಿನ ಗೊತ್ತು ಮಾಡುವಾಗ ಇನ್ನೊಂದು ಲೆಕ್ಕ ಹಾಕಿ. ಅದು ಸಮುದ್ರದ ಉಬ್ಬರ–ಇಳಿತದ ಲೆಕ್ಕ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ತಾಸು. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಗ್ಗೆ 8ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ 8:50ರ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಮೊಬೈಲಿನಲ್ಲಿ ಕಾರವಾರದ ಇಳಿತದ ಹೊತ್ತು ಸಿಗುತ್ತದೆ. ಎರಡನೇ ದಿನ ಬೆಳಗ್ಗೆ ಇಳಿತ ಬರುವ ಹಾಗೆ ಪ್ರವಾಸ ಕೂರಿಸಿ. ಯಾಕೆ ಅಂತ ತಿಳಮಾತಿ ಕಡಲತೀರದ ಮಾತು ಬಂದಾಗ ಹೇಳುತ್ತೇನೆ.

ಗಾಡಿ, ಬಸ್ಸು, ಬುತ್ತಿ

ಸ್ವಂತ ಗಾಡಿ ಇದ್ದರೆ ಅನುಕೂಲ. ಹೊರಡುವ ಹಿಂದಿನ ದಿನವೇ ಟ್ಯಾಂಕ್ ತುಂಬಿಸಿ, ಬ್ರೇಕ್ ತೋರಿಸಿಕೊಂಡು ಬನ್ನಿ. ಘಟ್ಟದ ಮೇಲೆ ಕಾಡು ಶುರುವಾದ ಮೇಲೆ ಪೆಟ್ರೋಲ್, ಎಟಿಎಂ, ನೆಟ್‌ವರ್ಕ್ ಮೂರನ್ನೂ ನಂಬಬೇಡಿ. ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಳ್ಳಿ, ಕೈಯಲ್ಲಿ ನಗದು ಇರಲಿ.

ಬಸ್ಸಿನಲ್ಲೂ ಹೋಗಬಹುದು. ಬೆಳಗಾವಿಗೂ ಕಾರವಾರಕ್ಕೂ ಓಡುವುದು ವಾಯವ್ಯ ಸಾರಿಗೆಯ ಬಸ್ಸುಗಳೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ದುಡ್ಡಿಲ್ಲ. ಆಧಾರ್ ಕಾರ್ಡ್ ಮರೆಯದಿದ್ದರೆ ಆಯಿತು. ಆದರೆ ಬಸ್ಸಿನಲ್ಲಿ ಹೋದರೆ ನಡುವಿನ ಜಾಗಗಳಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಬೇಕು. ನನ್ನ ಆಯ್ಕೆ ಉಳವಿ.

ಬುತ್ತಿ ಕಟ್ಟಿಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ಮೊದಲ ದಿನದ ಚಿಂತೆ ಇಲ್ಲ. ತಿರುವಿನಲ್ಲಿ ಹೊಟ್ಟೆ ತೊಳಸುವ ಮಕ್ಕಳಿದ್ದರೆ ನಿಂಬೆಹಣ್ಣು ಇರಲಿ, ಘಾಟ್ ಇಳಿಯುವ ಮುಂಚೆ ಅವರಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ.

ಮೊದಲ ದಿನ: ಖಾನಾಪುರದಿಂದ ಉಳವಿಗೆ

ಬೆಳಗ್ಗೆ ಆರಕ್ಕೆ ಮನೆ ಬಿಡಿ. ಖಾನಾಪುರದಲ್ಲಿ ಮಲಪ್ರಭೆ ಸಿಗುತ್ತಾಳೆ. ಒಂದು ನಿಮಿಷ ಸೇತುವೆಯ ಹತ್ತಿರ ನಿಲ್ಲಿ. ಕಣಕುಂಬಿಯಲ್ಲಿ ಹುಟ್ಟಿದ ಈ ನೀರು ಪೂರ್ವಕ್ಕೆ ಹೋಗಿ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ನೀವು ಕಾಣುವ ಹೊಳೆ ಪಶ್ಚಿಮಕ್ಕೆ ಓಡುತ್ತದೆ. ಒಂದೇ ಗುಡ್ಡಸಾಲಿನ ಮಳೆ, ಎರಡು ದಿಕ್ಕು. ಅಲ್ಲಿ ಸಂಗಮದಲ್ಲಿ ಬಸವಣ್ಣನ ಐಕ್ಯಸ್ಥಳ. ಇಲ್ಲಿ ಕಾಳಿಯ ಕಾಡಿನ ಉಳವಿಯಲ್ಲಿ ಅವನ ಅಕ್ಕನ ಮಗ ಚನ್ನಬಸವಣ್ಣನ ಸಮಾಧಿ. ಈ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಲೋಂಡಾ ದಾಟಿದರೆ ರಾಮನಗರ. ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಅನ್ನುವ ಊರೇ ನೀರಿನಡಿ ಹೋಯಿತು. ಅಲ್ಲಿನ ಜನರನ್ನು ತಂದು ಕೂರಿಸಿದ ಊರು ಇದು. ಆಮೇಲೆ ತಾಲ್ಲೂಕಿನ ಕೇಂದ್ರ ಜೊಯಿಡಾ ಆಯಿತು. ಇಲ್ಲಿ ಚಹಾ ಕುಡಿಯುವಾಗ ಹಿರಿಯರು ಯಾರಾದರೂ ಸಿಕ್ಕರೆ ಹಳೇ ಸೂಪಾ ಬಗ್ಗೆ ಕೇಳಿ ನೋಡಿ. ಸಮಾಧಾನದಿಂದ ಕೇಳಿಸಿಕೊಳ್ಳಿ. ಅವರಿಗದು ಬಿಟ್ಟುಬಂದ ಮನೆ, ಬಿಟ್ಟುಬಂದ ಗದ್ದೆ.

ರಾಮನಗರದಲ್ಲಿ ಅನಮೋಡ, ಗೋವಾ ಕಡೆ ಹೋಗುವ ದಾರಿ ಬಿಟ್ಟು ಜೊಯಿಡಾ ಬೋರ್ಡು ನೋಡಿ ಹೊರಳಿ. ಕಾಳಿ ಹುಟ್ಟುವುದು ಇದೇ ತಾಲ್ಲೂಕಿನ ದಿಗ್ಗಿಯಲ್ಲಿ. ಅಲ್ಲಿಂದ ಕಾರವಾರದ ಸಮುದ್ರದವರೆಗೆ ಅದರ ಓಟ ಸುಮಾರು 184 ಕಿಲೋಮೀಟರ್. ಇಷ್ಟು ಸಣ್ಣ ಓಟದಲ್ಲೇ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಅಣೆಕಟ್ಟುಗಳು. ಗಣೇಶಗುಡಿಯ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅದನ್ನು ನೋಡಲು ಜೊಯಿಡಾದಿಂದ ದಾಂಡೇಲಿ ಕಡೆ ಹೋಗಬೇಕು. ಮೂರೇ ದಿನ ಇದ್ದರೆ ಬಿಡಿ.

ಜೊಯಿಡಾದ ಕುಣಬಿ ಸಮುದಾಯದವರ ಗಡ್ಡೆ–ಗೆಣಸಿನ ಬಗ್ಗೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಚಳಿಗಾಲದಲ್ಲಿ ಇಲ್ಲಿ ಗಡ್ಡೆ–ಗೆಣಸಿನ ಮೇಳವೇ ನಡೆಯುತ್ತದೆ. ಹತ್ತಾರು ತರದ ಗಡ್ಡೆಗಳು. ಕೆಲವು ತೊಡೆಯಷ್ಟು ದಪ್ಪ, ಮಣ್ಣು ಹಾಗೇ ಮೆತ್ತಿಕೊಂಡಿರುತ್ತದೆ. ಜನವರಿಯಲ್ಲಿ ಹೋಗುವವರು ಮೇಳದ ದಿನ ವಿಚಾರಿಸಿಕೊಂಡು ಹೋಗಿ. ಬುಟ್ಟಿ ತುಂಬ ಕೊಂಡು ತನ್ನಿ, ಬೇಗ ಕೆಡುವುದಿಲ್ಲ.

ಮುಂದೆ ಕುಂಬಾರವಾಡ. ಇಲ್ಲಿಂದ ಉಳವಿಗೆ ಒಳರಸ್ತೆ ಇದೆ. ಬೆಳಗಾವಿ, ಧಾರವಾಡದ ಕಡೆಯವರಿಗೆ ಉಳವಿ ಹೊಸ ಹೆಸರೇನಲ್ಲ. ಭಾರತ ಹುಣ್ಣಿಮೆಯ ಜಾತ್ರೆಗೆ ನಮ್ಮ ಹಳ್ಳಿಗಳಿಂದ ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಅಜ್ಜ ಹೋದದ್ದೂ ಹಾಗೇ. ಎತ್ತಿಗೆ ಜೂಲ ಹಾಕಿ, ಹಾದಿಯಲ್ಲಿ ಒಲೆ ಹೂಡಿ, ದಿನಗಟ್ಟಲೆ ಕಾಡು ದಾಟಿ. ಆದರೆ ಜಾತ್ರೆ ಬಿಟ್ಟು ಸುಮ್ನೆ ಒಂದು ದಿನ ಹೋದವರು ಕಡಿಮೆ. ಆ ಉಳವಿಯನ್ನು ನೀವು ನೋಡಬೇಕು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಗದ್ದಲದ ನಂತರ ಶರಣರು ವಚನದ ಕಟ್ಟು ಹೊತ್ತುಕೊಂಡು ಬಂದದ್ದು ಈ ಕಾಡಿಗೆ ಅಂತ ನಂಬಿಕೆ. ಗುಡಿಯ ಮುಂದೆ ಕೂತರೆ ಅಷ್ಟು ದೂರ ಯಾಕೆ ಬಂದರು ಅನ್ನುವುದು ತಾನೇ ತಿಳಿಯುತ್ತದೆ. ಸುತ್ತ ಕಾಡು ಬಿಟ್ಟರೆ ಏನೂ ಇಲ್ಲ. ಸುತ್ತಮುತ್ತ ಮಹಾಮನೆ ಗವಿ, ಆಕಳ ಗವಿ ಇವೆ. ಊರವರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಟಾರ್ಚ್ ಬೇಕು. ವಯಸ್ಸಾದವರು ಗುಡಿಯಲ್ಲೇ ಕೂರುವುದು ಒಳ್ಳೆಯದು.

ಇದೇ ಕಾಡಿನಲ್ಲಿ ಶಿಂಥೇರಿ ಬಂಡೆಯೂ ಇದೆ. ಕಾನೇರಿ ಹೊಳೆ ಅದರ ಬುಡದಲ್ಲಿ ಹರಿಯುತ್ತದೆ. ತಲೆ ಎತ್ತಿದರೆ ಬಂಡೆಯ ಮೈ ತುಂಬ ಹೆಜ್ಜೇನು. ಮೆಟ್ಟಿಲು ಜಾಸ್ತಿ, ಹೊಳೆಗೆ ಇಳಿಯುವುದು ಅಪಾಯ. ಉಳವಿ, ಶಿಂಥೇರಿ ಎರಡನ್ನೂ ಒಂದೇ ದಿನ ಮಾಡಲು ಹೋದರೆ ಘಾಟಿನಲ್ಲಿ ಕತ್ತಲಾಗುತ್ತದೆ. ಒಂದನ್ನು ಆರಿಸಿಕೊಳ್ಳಿ.

ಘಾಟ್ ಇಳಿಯುವುದು

ಮಧ್ಯಾಹ್ನ ಎರಡರೊಳಗೆ ಉಳವಿ ಬಿಡಿ. ಕುಂಬಾರವಾಡಕ್ಕೆ ವಾಪಸ್ ಬಂದು ಅಣಶಿ ಕಡೆ ಹೊರಟರೆ ಅಲ್ಲಿಂದ ಮುಂದೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ದಾಂಡೇಲಿ–ಅಣಶಿ ಅಂತ ಇದ್ದ ಹೆಸರು 2015ರಲ್ಲಿ ಕಾಳಿ ಆಯಿತು. ಹುಲಿ, ಕರಿಚಿರತೆ ಇರುವ ಕಾಡು. ನಿಮಗೆ ಅವು ಕಾಣುವುದು ಅಪರೂಪ. ಆದರೆ ಮಂಗಟ್ಟೆ ಹಕ್ಕಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಕಾಣುವ ಮೊದಲು ಕೇಳಿಸುತ್ತದೆ. ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾದುಹೋದರೆ ರೆಕ್ಕೆಯ ಸದ್ದು ಯಾರೋ ಜೋರಾಗಿ ಮೊರ ಬೀಸಿದ ಹಾಗೆ.

ಇಳಿಜಾರಿನಲ್ಲಿ ಎರಡನೇ ಗೇರ್ ಬಿಡಬೇಡಿ. ಪೆಟ್ರೋಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್ ಮಾಡಿ ಇಳಿಸುವವರನ್ನು ನೋಡಿದ್ದೇನೆ. ಬ್ರೇಕ್ ಕಾದುಹೋದರೆ ಉಳಿಯುವುದು ಏನೂ ಇಲ್ಲ. ತಿರುವಿನಲ್ಲಿ ಹಾರ್ನ್ ಕೊಡಿ, ಉಳಿದ ಕಡೆ ಬೇಡ. ಮಂಗಗಳಿಗೆ ತಿಂಡಿ ಹಾಕಬೇಡಿ. ಹಾಗೆ ಹಾಕಿ ಹಾಕಿಯೇ ಅವು ರಸ್ತೆಗೆ ಬಂದು ಗಾಡಿಗೆ ಸಿಕ್ಕುವುದು.

ಕೆಳಗೆ ಬರುತ್ತಿದ್ದಂತೆ ಗಾಳಿ ಬದಲಾಗುತ್ತದೆ. ಕಿಟಕಿ ತೆಗೆದಿಟ್ಟಿರಿ. ತಂಪು ಗಾಳಿ ಹೋಗಿ ಬೆಚ್ಚಗೆ, ಅಂಟಂಟಾಗಿ ಬರುತ್ತದೆ. ತೆಂಗು ಕಾಣುತ್ತದೆ. ಕದ್ರಾದಲ್ಲಿ ಕೊನೆಯ ಅಣೆಕಟ್ಟು. ಕೈಗಾ ಅಣುವಿದ್ಯುತ್ ಕೇಂದ್ರ ಇರುವುದು ಇದೇ ಜಲಾಶಯದ ಪಕ್ಕ. ಮುಂದೆ ರಸ್ತೆ ಹೊಳೆಯ ದಂಡೆ ಹಿಡಿದೇ ಸದಾಶಿವಗಡಕ್ಕೆ ಬರುತ್ತದೆ. ಹೊಳೆ ಅಗಲವಾಗುತ್ತಾ ಹೋಗುತ್ತದೆ, ಓಟ ನಿಧಾನವಾಗುತ್ತದೆ. ಒಂದು ಕಡೆ ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಉಬ್ಬರದ ಹೊತ್ತಿನಲ್ಲಿ ಸಮುದ್ರವೇ ಒಳಗೆ ಬರುತ್ತಿರುತ್ತದೆ.

ಸಂಜೆ ಸದಾಶಿವಗಡ

ಸೇತುವೆ ದಾಟಿ ಊರಿಗೆ ಹೋಗುವ ಅವಸರ ಬೇಡ. ಈ ದಡದಲ್ಲೇ ಸದಾಶಿವಗಡದ ಗುಡ್ಡ ಇದೆ. ಸೋದೆ ಅರಸರ ಕಾಲದ ಕೋಟೆ. ಕೋಟೆಯಾಗಿ ಈಗ ಉಳಿದಿರುವುದು ಕಡಿಮೆ, ದುರ್ಗಾದೇವಿಯ ಗುಡಿ ಇದೆ. ಸೂರ್ಯ ಮುಳುಗುವ ಅರ್ಧ ತಾಸು ಮೊದಲು ಮೇಲೆ ಇರಿ. ಎಡಕ್ಕೆ ಹೊಳೆ, ಎದುರಿಗೆ ಸಮುದ್ರ, ನಡುವೆ ಸೇತುವೆ, ಆಚೆ ಕೋಡಿಬಾಗ. ಬೆಳಗ್ಗೆಯಿಂದ ಜೊತೆಗೆ ಬಂದ ಹೊಳೆ ಕಣ್ಣೆದುರೇ ಮುಗಿಯುತ್ತದೆ. ಎರಡು ನೀರು ಕೂಡುವ ಕಡೆ ಬಣ್ಣದ ಗೆರೆ ಕಾಣುತ್ತದೆ. ಹೊಳೆಯದು ಮಣ್ಣು ಬೆರೆತ ಹಸಿರು, ಸಮುದ್ರದ್ದು ಬೂದಿ ನೀಲಿ.

1880ರ ದಶಕದ ಮೊದಲಲ್ಲಿ ರವೀಂದ್ರನಾಥ ಠಾಗೋರರು ಇಲ್ಲಿ ಬಂದು ಇದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಈ ಹೊಳೆಯ ಮೇಲೆ ಹೋಗಿ ಬಂದದ್ದನ್ನು ಠಾಗೋರರು ಬರೆದಿಟ್ಟಿದ್ದಾರೆ. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದವರಿಗೆ ಆ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ರಾತ್ರಿ ಉಳಿಯಲು ಪೇಟೆಯಲ್ಲಿ ಸಾಕಷ್ಟು ಲಾಡ್ಜ್ ಇವೆ. ಮಾಜಾಳಿ, ದೇವಬಾಗ ಕಡೆ ಹೋಮ್‌ಸ್ಟೇ ಸಿಗುತ್ತವೆ. ಶನಿವಾರ–ರವಿವಾರಕ್ಕೆ ಮೊದಲೇ ಫೋನ್ ಮಾಡಿ.

ಎರಡನೇ ದಿನ: ತಿಳಮಾತಿ

ಈ ಪ್ರವಾಸದಲ್ಲಿ ಒಂದೇ ಜಾಗ ನೋಡಲು ಸಮಯ ಇದ್ದರೆ ಇದನ್ನು ನೋಡಿ. ಗೋವಾ ಗಡಿಯ ಹತ್ತಿರ ಮಾಜಾಳಿ. ಆ ಊರು ದಾಟಿ, ಗಾಬಿತ ಮೀನುಗಾರರ ಮನೆಗಳ ಹತ್ತಿರ ಗಾಡಿ ನಿಲ್ಲಿಸಿ, ಗುಡ್ಡ ಹತ್ತಿ ಇಳಿದರೆ ಆಚೆ ತಿಳಮಾತಿ. ನಿಧಾನ ನಡೆದರೂ ಅರ್ಧ ತಾಸಿನ ದಾರಿ. ಎರಡು ಗುಡ್ಡದ ನಡುವೆ ಸಣ್ಣ ಕಡಲತೀರ. ಅಂಗಡಿ ಇಲ್ಲ, ನೆರಳಿಗೆ ಕೊಡೆ ಇಲ್ಲ.

ತಿಳ್ ಅಂದರೆ ಕೊಂಕಣಿಯಲ್ಲಿ ಎಳ್ಳು, ಮಾತಿ ಅಂದರೆ ಮಣ್ಣು. ನಾನು ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಹೆಸರಿನ ಅರ್ಥ ಹೇಳಿರಲಿಲ್ಲ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಇಟ್ಟು ನಿಂತಳು. "ಎಳ್ಳು ಹರವಿದಂಗ ಐತಲ್ಲೋ" ಅಂದಳು. ಮರಳಿನ ಕಾಳು ಒಂದೊಂದೂ ಎಳ್ಳಿನಷ್ಟೇ ಗಾತ್ರ, ಕಪ್ಪು. ಒಣಗಿದಾಗ ಮಂಕು, ಅಲೆ ಬಂದು ಹೋದಾಗ ಮಿರಮಿರ ಮಿಂಚು. ಹಿಡಿಯಲ್ಲಿ ತೆಗೆದರೆ ಬೆರಳ ಸಂದಿಯಿಂದ ಸರಸರ ಸುರಿಯುತ್ತದೆ, ನಮ್ಮ ಸಾದಾ ಮರಳಿನ ಹಾಗೆ ಮುದ್ದೆಯಾಗುವುದಿಲ್ಲ. ಅತ್ತಿತ್ತ ಇರುವ ಕಪ್ಪು ಬಂಡೆಗಳನ್ನು ಅಲೆ ತೇಯ್ದು ತೇಯ್ದು ಆದ ಮರಳು ಇದು. ಪಕ್ಕದ ಮಾಜಾಳಿ ತೀರದ ಮರಳು ಮಾತ್ರ ಎಲ್ಲ ಕಡೆಯಂತೆ ತಿಳಿ ಬಣ್ಣದ್ದು. ಒಂದು ಗುಡ್ಡದ ಅಂತರ ಅಷ್ಟೇ. ಅವ್ವ ಸೆರಗಿನ ತುದಿಗೆ ಒಂದು ಹಿಡಿ ಕಟ್ಟಿಕೊಂಡಿದ್ದಳು. ಹೊರಡುವ ಹೊತ್ತಿಗೆ ತಾನೇ ಬಿಚ್ಚಿ ಅಲ್ಲೇ ಸುರಿದಳು. ನೀವೂ ತರಬೇಡಿ. ಇರುವುದೇ ಅಷ್ಟು ಸಣ್ಣ ತೀರ.

ಈಗ ಇಳಿತದ ಮಾತು. ಮೊದಲ ಸಲ ನಾನು ಗೆಳೆಯರ ಜೊತೆ ಸಂಜೆ ನಾಲ್ಕಕ್ಕೆ ಹೋದೆ, ನೀರಿನ ಹೊತ್ತು ನೋಡಿರಲಿಲ್ಲ. ಹೋಗುವಾಗ ಬಂಡೆಗಳ ಮೇಲೆ ಕಾಲಿಟ್ಟು ಹೋಗಿದ್ದೆವು. ಬರುವಾಗ ಆ ಬಂಡೆಗಳೇ ಇಲ್ಲ, ಎಲ್ಲ ನೀರಿನಡಿ. ಗುಡ್ಡದ ಕಾಲುದಾರಿ ಹುಡುಕಿಕೊಂಡು ಮೊಬೈಲ್ ಬೆಳಕಿನಲ್ಲಿ ಹತ್ತಿ ಬಂದೆವು. ಒಬ್ಬನ ಮೊಣಕಾಲಿನ ಚರ್ಮ ಕಿತ್ತುಹೋಯಿತು. ಆದ್ದರಿಂದ ಇಳಿತಕ್ಕೆ ಒಂದು ತಾಸು ಮೊದಲು ಅಲ್ಲಿರಿ, ಇಳಿತ ಮುಗಿದು ಒಂದು ತಾಸಿಗೆ ಹೊರಡಿ. ಬಂಡೆ ಬಿಟ್ಟು ಗುಡ್ಡದ ದಾರಿಯನ್ನೇ ಹಿಡಿದರೆ ಇನ್ನೂ ಒಳ್ಳೆಯದು. ಹಿಡಿತ ಇರುವ ಚಪ್ಪಲಿ, ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಬೇಕು. ಈಜು ಬೇಡ. ಕಾಪಾಡಲು ಅಲ್ಲಿ ಯಾರೂ ಇರುವುದಿಲ್ಲ.

ದೋಣಿ ಹತ್ತುವ ಮುಂಚೆ

ಮಧ್ಯಾಹ್ನದ ಮೇಲೆ ದೇವಬಾಗ ಅಥವಾ ಕೋಡಿಬಾಗದಿಂದ ಹೊಳೆಯ ಬಾಯಿಯಲ್ಲಿ ದೋಣಿ ಸುತ್ತಾಟ ಮಾಡಬಹುದು. ಸಮುದ್ರದಲ್ಲಿ ಕಾಣುವ ಕೂರ್ಮಗಡ ದ್ವೀಪದಲ್ಲಿ ನರಸಿಂಹನ ಗುಡಿ ಇದೆ, ಜನವರಿಯ ಹೊತ್ತಿಗೆ ಜಾತ್ರೆ. 2019ರ ಜನವರಿ 21ರಂದು ಆ ಜಾತ್ರೆಯ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ನಮ್ಮ ಹಾವೇರಿ ಕಡೆಯವರೂ ಇದ್ದರು. ದೋಣಿ ಹತ್ತುವಾಗ ಮಕ್ಕಳೂ ಸೇರಿ ಎಲ್ಲರಿಗೂ ಲೈಫ್ ಜಾಕೆಟ್ ಸಿಗಬೇಕು, ಅದರ ಬಕಲ್ ಹಾಕಿರಬೇಕು. ಜನ ಜಾಸ್ತಿ ಅನಿಸಿದರೆ ಇಳಿದುಬಿಡಿ. ಕೊಟ್ಟ ದುಡ್ಡು ಹೋದರೆ ಹೋಗಲಿ. ಅರ್ಗಾದ ನೌಕಾನೆಲೆಯ ಕಡೆ ಫೋಟೋ ತೆಗೆಯಬೇಡಿ, ಅಂಜುದೀವ ದ್ವೀಪಕ್ಕೆ ಹೋಗಲು ಬಿಡುವುದಿಲ್ಲ.

ದೋಣಿ ಬೇಡ ಅನ್ನುವವರು ಇಳಿತದ ಹೊತ್ತಿಗೆ ಸುಂಕೇರಿ ಕಡೆಯ ಹೊಳೆ ದಂಡೆಗೆ ಹೋಗಿ ನಿಲ್ಲಿ. ಸೊಂಟದ ನೀರಿನಲ್ಲಿ ನಿಂತ ಹೆಣ್ಣುಮಕ್ಕಳು ಕಾಲಿನಿಂದ ಮರಳು ಕೆದಕಿ ಚಿಪ್ಪಿ ಹುಡುಕುತ್ತಿರುತ್ತಾರೆ. ಪಕ್ಕದಲ್ಲಿ ತೇಲುವ ಪಾತ್ರೆಗೆ ಒಂದೊಂದೇ ಬೀಳುತ್ತದೆ, ಟಣ್ ಅಂತ. ಅದೇ ಚಿಪ್ಪಿ ರಾತ್ರಿ ಹೋಟೆಲಿನಲ್ಲಿ ತಿಸ್ರೆ ಸುಕ್ಕೆ ಅಂತ ತಟ್ಟೆಗೆ ಬರುತ್ತದೆ. ಮೀನು ತಿನ್ನುವವರು ಬಂಗಡೆ ಹುರಿದದ್ದು, ಅನ್ನ, ಸೋಲ್ ಕಡಿ ಕೇಳಿ. ತಿನ್ನದವರು "ಖಾನಾವಳಿ" ಅಂತ ಬೋರ್ಡು ನೋಡಿ ಒಳಗೆ ಹೋಗುವ ಮುಂಚೆ ಒಂದು ಮಾತು ಕೇಳಿಕೊಳ್ಳಿ. ನಮ್ಮೂರಿನ ಲಿಂಗಾಯತ ಖಾನಾವಳಿಯ ಅರ್ಥ ಅಲ್ಲಿ ಇಲ್ಲ.

ಮೂರನೇ ದಿನ: ಬಂದರು, ಆಮೇಲೆ ಇನ್ನೊಂದು ಹೊಳೆ

ಬೆಳಗ್ಗೆ ಆರೂವರೆಗೆ ಬೈತಖೋಲ ಬಂದರಿಗೆ ಹೋಗಿ. ದೋಣಿ ಬಂದು ಮೀನು ಇಳಿಯುವುದು, ಕೂಗಿ ಹರಾಜು ಆಗುವುದು ನಮ್ಮ ತರಕಾರಿ ಸಗಟು ಪೇಟೆಯ ಹಾಗೇ. ಭಾಷೆ ಮಾತ್ರ ಕೊಂಕಣಿ. ದಾರಿಗೆ ಅಡ್ಡ ನಿಲ್ಲಬೇಡಿ, ಮುಖದ ಫೋಟೋ ಕೇಳಿ ತೆಗೆಯಿರಿ. ಆಮೇಲೆ ಠಾಗೋರ್ ತೀರ, ಅಲ್ಲೇ ದಡದ ಮೇಲೆ ನಿಲ್ಲಿಸಿದ ಚಪಲ್ ಕ್ಷಿಪಣಿ ನೌಕೆ. ಮಕ್ಕಳಿಗೆ ಇದು ಇಷ್ಟ ಆಗುತ್ತದೆ, ಒಂದು ತಾಸು ಸಾಕು.

ವಾಪಸ್ ಅದೇ ದಾರಿಯಲ್ಲಿ ಬರಬೇಡಿ. ಅಂಕೋಲಾಕ್ಕೆ ಬನ್ನಿ. ಪೇಟೆಯಲ್ಲಿ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಣ್ಣುಮಕ್ಕಳು ತರಕಾರಿ, ಹೂವು ಮಾರುತ್ತಿರುತ್ತಾರೆ. ಗಿಡ ನೆಟ್ಟು ಪದ್ಮಶ್ರೀ ಪಡೆದ ತುಳಸಿ ಗೌಡರು ಇದೇ ತಾಲ್ಲೂಕಿನ ಹೊನ್ನಳ್ಳಿಯವರು. ಸೆಕೆ ತಡೆದು ಬೇಸಿಗೆಯಲ್ಲಿ ಹೋದವರಿಗೆ ಕರಿ ಇಷಾಡು ಮಾವು ಸಿಕ್ಕರೆ ಅದೃಷ್ಟ.

ಅಂಕೋಲಾದಿಂದ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ. ಲಾರಿ ಜಾಸ್ತಿ, ತಾಳ್ಮೆ ಬೇಕು. ಯಲ್ಲಾಪುರದಿಂದ ಮಾಗೋಡು ಜಲಪಾತಕ್ಕೆ ಹೋಗಿ ಬನ್ನಿ. ಅಲ್ಲಿ ಧುಮುಕುವುದು ಬೇಡ್ತಿ ಹೊಳೆ. ಅದೇ ಕೆಳಗೆ ಗಂಗಾವಳಿ ಅನ್ನುವ ಹೆಸರಲ್ಲಿ ಅಂಕೋಲಾ ಮತ್ತು ಗೋಕರ್ಣದ ನಡುವೆ ಸಮುದ್ರ ಸೇರುತ್ತದೆ. ನವೆಂಬರ್‌ನಲ್ಲಿ ನೀರು ತುಂಬಿರುತ್ತದೆ, ಫೆಬ್ರವರಿಯಲ್ಲಿ ಎಳೆಯಷ್ಟೇ.

ಮುಂದೆ ಕಲಘಟಗಿ, ಹುಬ್ಬಳ್ಳಿ, ಧಾರವಾಡ. ಬೇಡ್ತಿಗೆ ಸೇರುವ ಶಾಲ್ಮಲಾ ಹುಟ್ಟುವುದು ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ. ಹೊತ್ತು ಇದ್ದರೆ ಅಲ್ಲಿ ಇಳಿದು ಕಾಲು ತೊಳೆದುಕೊಳ್ಳಿ. ನಮ್ಮ ಅವ್ವನ ಕಾಲ್ಬೆರಳ ಸಂದಿಯಲ್ಲಿ ತಿಳಮಾತಿಯ ಎರಡು ಕಾಳು ಉಳಿದಿದ್ದವು, ಅಲ್ಲೇ ತೊಳೆದುಹೋದವು. ಕತ್ತಲಾಗಿದ್ದರೆ ನಿಲ್ಲಬೇಡಿ. ಅಲ್ಲಿಂದ ಬೆಳಗಾವಿಗೆ ಇನ್ನೂ 75 ಕಿಲೋಮೀಟರ್ ಮೇಲೆ ಇದೆ, ಹೆದ್ದಾರಿಯಲ್ಲಿ ಒಂದೂವರೆ ತಾಸಿನ ದಾರಿ.